ಬಾಯಿಯಿಂದ ಮದ್ದು ತುಂಬುವ ಬಂದೂಕು: ಎಡವಟ್ಟಾಗದಂತೆ ತುಂಬುವುದು ಹೇಗೆ, ಇಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಬೇಟೆ ಕಲಿಸುವ ಬರಹ ಅಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಗುಡ್ಡದ ಅಂಚಿಗೆ ಹೊಲ ಇರುವ ಕೆಲವರ ಮನೆಯಲ್ಲಿ ಬೆಳೆ ಕಾಯಲು ಅಂತ ಲೈಸನ್ಸ್ ಪಡೆದ ಕೇಪಿನ ಬಂದೂಕು ಇರುತ್ತದೆ (ಕೇಪು ಅಂದರೆ ಬಡಿದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಗೆ). ಲೈಸನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ (ಒಂಟಿ ನಳಿಗೆಯ, ಬಾಯಿಯಿಂದ ತುಂಬುವ ಬಂದೂಕು) ಅಂತ ಬರೆದಿರುತ್ತಾರಲ್ಲ, ಅದೇ. ಅಜ್ಜನ ಕಾಲದ್ದು, ಅಪ್ಪನ ಹೆಸರಿಗೆ ಬಂದದ್ದು, ಈಗ ಮಗನ ಹೆಸರಿಗೆ ಆಗಿರುತ್ತದೆ. ಬಂದೂಕು ಕೈಗೆ ಬರುತ್ತದೆ, ಆದರೆ ಅದನ್ನು ತುಂಬುವ ಶಿಸ್ತು ಹೇಳಿಕೊಡುವವರು ಯಾರೂ ಇರುವುದಿಲ್ಲ. ಅಂಥವರಿಗಾಗಿ ಇದು.

ಈ ಬಂದೂಕಿನ ತೊಂದರೆ ಒಂದೇ. ತೋಟಾ ಹಾಕುವ ಬಂದೂಕನ್ನು ಮಡಚಿ ನೋಡಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಕಾಣುವುದಿಲ್ಲ. ಬುಡ ಮುಚ್ಚಿದ ಕೊಳವೆ (ನಳಿಗೆ), ಮೇಲಿನಿಂದ ಮದ್ದು, ಅದರ ಮೇಲೆ ಬಿಲ್ಲೆ (ರಟ್ಟಿನ ಅಥವಾ ನಾರಿನ ದುಂಡು ತುಂಡು), ಅದರ ಮೇಲೆ ಗುಂಡು ಇಲ್ಲವೇ ಚರೆ (ಸಣ್ಣ ಸಣ್ಣ ಸೀಸದ ಗುಂಡುಗಳು). ಒಳಗೆ ಏನಿದೆ ಅಂತ ಗೊತ್ತಾಗುವುದು ನಿಮ್ಮ ನೆನಪಿನಿಂದ ಅಥವಾ ಗಜದಿಂದ (ಮದ್ದು ಜಡಿಯುವ ಉದ್ದ ಕಡ್ಡಿ). ನೆನಪನ್ನು ನಂಬಬೇಡಿ, ಗಜವನ್ನು ನಂಬಿ. ಕೆಳಗೆ ಬರೆದಿರುವುದೆಲ್ಲ ಇದೇ ಮಾತಿನ ವಿವರ.

ಕಾನೂನು, ಎರಡೇ ಮಾತಲ್ಲಿ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲೇ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಬಂದೂಕಿನ ಪ್ರಸ್ತಾಪ ಇದೆ. ಆದರೆ ಬೆಳೆ ರಕ್ಷಣೆಗೆ ಲೈಸನ್ಸ್ ಇದೆ ಅಂದ ಮಾತ್ರಕ್ಕೆ ಹಂದಿ ಹೊಡೆಯಲು ಅನುಮತಿ ಇದೆ ಅಂತಲ್ಲ. ಕಾಡುಹಂದಿಯೂ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಕರಡಿ ಮತ್ತು ಕೃಷ್ಣಮೃಗ ಒಂದನೇ ಪಟ್ಟಿಯ ಪ್ರಾಣಿಗಳು. ದರೋಜಿ ಕರಡಿಧಾಮದ ಸುತ್ತಮುತ್ತ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಹಾರಿಸುವುದು 2019ರ ತಿದ್ದುಪಡಿಯ ಮೇಲೆ ನೇರ ಅಪರಾಧ: ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಲೈಸನ್ಸ್‌ನಲ್ಲಿ ಹೆಸರಿಲ್ಲದವರ ಕೈಗೆ ಬಂದೂಕು ಕೊಡಬೇಡಿ, ತಮ್ಮನಾದರೂ ಸರಿ, ಹೊಲ ಕಾಯುವ ಆಳಾದರೂ ಸರಿ.

ಮದ್ದು ಯಾವುದು, ಯಾವುದು ಅಲ್ಲ

ಲೈಸನ್ಸ್ ಇರುವ ಅಂಗಡಿಯಿಂದ, ನಿಮ್ಮ ಪುಸ್ತಕದಲ್ಲಿ ಬರೆಸಿಕೊಂಡು ತಂದ ಕರಿ ಮದ್ದು ಮಾತ್ರ. ಬೇರೆ ಏನೂ ಬೇಡ. ಕೆಲವರು 12 ಬೋರ್ ತೋಟಾ ಒಡೆದು ಅದರ ಮದ್ದನ್ನು ಈ ನಳಿಗೆಗೆ ಸುರಿಯುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ತೋಟಾದ ಒಳಗಿನದು ಹೊಗೆ ಕಮ್ಮಿ ಇರುವ ಬೇರೆ ಜಾತಿಯ ಮದ್ದು. ಕರಿ ಮದ್ದಿನ ಅಳತೆಯಲ್ಲೇ ಅದನ್ನು ಹಾಕಿದರೆ ಒಳಗಿನ ಒತ್ತಡ ಹಲವು ಪಟ್ಟು ಏರುತ್ತದೆ, ನಳಿಗೆ ಸೀಳುತ್ತದೆ, ಸೀಳುವುದು ನಿಮ್ಮ ಎಡಗೈ ಹಿಡಿದಿರುವ ಜಾಗದಲ್ಲಿ ಅಥವಾ ಮುಖದ ಹತ್ತಿರ. ಕಲ್ಲು ಕ್ವಾರಿಯವರ ಹತ್ತಿರ ಸಿಕ್ಕಿದ ಮದ್ದು, ಪಟಾಕಿ ಬಿಚ್ಚಿ ತೆಗೆದ ಪುಡಿ, ಯಾರೋ ಮನೆಯಲ್ಲಿ ಕುಟ್ಟಿದ್ದು, ಇವೂ ಬೇಡ. ಮನೆಯಲ್ಲಿ ಮದ್ದು ತಯಾರಿಸುವುದು ಅಪರಾಧ, ಅದಕ್ಕಿಂತ ಮೊದಲು ಅದು ಕೈ ಕಳೆದುಕೊಳ್ಳುವ ಕೆಲಸ.

ಎಷ್ಟು ಮದ್ದು ಅನ್ನುವುದು ಆ ಬಂದೂಕಿಗೆ ಬಿಟ್ಟದ್ದು. ತಯಾರಕರು ಹೇಳಿದ ಅಳತೆ ಇದ್ದರೆ ಅದು, ಇಲ್ಲದಿದ್ದರೆ ಲೈಸನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ ಕೇಳಿದ ಅಳತೆ. "ಇನ್ನೊಂದು ಚೂರು ಹಾಕು, ಸದ್ದು ಜೋರಾಗಲಿ" ಅನ್ನುವವರು ಯಾವಾಗಲೂ ದೂರ ನಿಂತಿರುತ್ತಾರೆ, ಗಮನಿಸಿ.

ಗುಂಡು, ಚರೆ ಇಲ್ಲ ಅಂತ ಸೈಕಲ್ ಬೇರಿಂಗ್, ಮೊಳೆ, ಕಬ್ಬಿಣದ ಚೂರು ತುಂಬುವ ಚಾಳಿ ಕೂಡ ಇದೆ. ಕಬ್ಬಿಣ ನಳಿಗೆಯನ್ನು ಒಳಗಿನಿಂದ ಗೀರುತ್ತದೆ, ಅಡ್ಡ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಹೋಗುತ್ತದೋ ಹೇಳಲು ಬರುವುದಿಲ್ಲ. ಸೀಸದ್ದೇ ಹಾಕಿ.

ಗಜಕ್ಕೆ ಎರಡು ಗುರುತು

ಎಲ್ಲಕ್ಕಿಂತ ಮುಖ್ಯ ಇದು, ಇದನ್ನು ಹಗಲು ಹೊತ್ತಲ್ಲಿ, ಆರಾಮಾಗಿ ಕೂತು ಮಾಡಿ. ಮೊದಲು ನಿಪ್ಪಲ್ (ನಳಿಗೆಯ ಬುಡದಲ್ಲಿ ಕೇಪು ಕೂರಿಸುವ, ತೂತಿರುವ ಚಿಕ್ಕ ಮೊನೆ) ಮೇಲೆ ಕೇಪು ಇಲ್ಲ ಅಂತ ನೋಡಿ. ಗಜವನ್ನು ನಳಿಗೆಯ ಹೊರಗೆ ಉದ್ದಕ್ಕೂ ಹಿಡಿದು, ಒಂದು ತುದಿ ನಿಪ್ಪಲ್ ಹತ್ತಿರ ಬರುವಂತೆ ಇಡಿ. ನಳಿಗೆಯ ಬಾಯಿ ಎಲ್ಲಿ ಬರುತ್ತದೋ ಅಲ್ಲಿ ಬೆರಳು ಇಟ್ಟುಕೊಳ್ಳಿ. ಈಗ ಅದೇ ಗಜವನ್ನು ನಳಿಗೆಯ ಒಳಗೆ ನಿಧಾನವಾಗಿ ಇಳಿಸಿ. ಬೆರಳಿಟ್ಟ ಜಾಗದವರೆಗೂ ಹೆಚ್ಚುಕಡಿಮೆ ಇಳಿದರೆ, ತಳದಲ್ಲಿ ಟಣ್ ಅಂತ ಲೋಹದ ಸದ್ದು ಬಂದರೆ ಬಂದೂಕು ಖಾಲಿ. ನಾಲ್ಕು ಬೆರಳು ಮೇಲೇ ನಿಂತು ದಪ್ ಅಂತ ಮೆತ್ತಗೆ ತಾಗಿದರೆ ಒಳಗೆ ಏನೋ ಇದೆ. ಏನೋ ಇದ್ದರೆ ಅಲ್ಲಿಗೇ ನಿಲ್ಲಿಸಿ, ಮುಂದೆ 'ಹಾರಲಿಲ್ಲ, ಈಗ?' ಅನ್ನುವ ಭಾಗದಲ್ಲಿ ತುಂಬಿದ್ದನ್ನು ತೆಗೆಯುವ ದಾರಿ ಓದಿ.

ಖಾಲಿ ಅಂತ ಖಾತ್ರಿ ಆದ ಮೇಲೆ ಗಜದ ಮೇಲೆ ನಳಿಗೆಯ ಬಾಯಿ ಇರುವ ಜಾಗಕ್ಕೆ ಒಂದು ಗೆರೆ ಕೊರೆಯಿರಿ. ಅದು ಖಾಲಿ ಗುರುತು. ಮುಂದೆ ನೀವು ನಿಮ್ಮ ಮಾಮೂಲಿ ಅಳತೆಯಲ್ಲಿ ಸರಿಯಾಗಿ ತುಂಬಿದಾಗ ಇನ್ನೊಂದು ಗೆರೆ. ಅದು ತುಂಬಿದ ಗುರುತು. ಬಣ್ಣ ಬಳಿದರೆ ಅಳಿಸುತ್ತದೆ, ಚಾಕುವಿನಿಂದ ಕೊರೆದು ಅದರ ಮೇಲೆ ಬಣ್ಣ ಹಾಕಿ. ಇನ್ನು ಮೇಲೆ ಗಜ ಒಳಗೆ ಹೋದಾಗಲೆಲ್ಲ ಉತ್ತರ ಸಿಗುತ್ತದೆ: ಖಾಲಿ ಗುರುತಿಗೆ ನಿಂತರೆ ಖಾಲಿ, ತುಂಬಿದ ಗುರುತಿಗೆ ನಿಂತರೆ ಒಂದು ಸಲ ಸರಿಯಾಗಿ ತುಂಬಿದೆ, ಅದಕ್ಕಿಂತ ಗಜ ಮೇಲೆ ಉಳಿದರೆ ಎರಡು ಸಲ ತುಂಬಿದೆ ಇಲ್ಲವೇ ಗುಂಡು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದೆ.

ಎರಡು ಸಲ ತುಂಬುವಷ್ಟು ದಡ್ಡರು ಯಾರಿರುತ್ತಾರೆ ಅನ್ನಿಸಬಹುದು. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಮೈದಾನದಲ್ಲಿ ಬಿದ್ದಿದ್ದ 27 ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಆಯ್ದು ನೋಡಿದಾಗ ಸುಮಾರು 24 ಸಾವಿರ ತುಂಬಿದ ಸ್ಥಿತಿಯಲ್ಲೇ ಇದ್ದವು, ಅವುಗಳಲ್ಲಿ ಸುಮಾರು ಅರ್ಧದಲ್ಲಿ ಎರಡು ಸಲ ತುಂಬಿತ್ತು, ಒಂದರಲ್ಲಂತೂ 23 ಸಲ ಅಂತ ದಾಖಲೆ ಇದೆ. ಅವರು ದಿನಾ ಬಂದೂಕು ಹಿಡಿಯುವ ಸಿಪಾಯಿಗಳು. ಗದ್ದಲದಲ್ಲಿ ತಮ್ಮ ಬಂದೂಕು ಹಾರಿತೋ ಇಲ್ಲವೋ ಗೊತ್ತಾಗಲಿಲ್ಲ, ಮತ್ತೆ ತುಂಬಿದರು. ರಾತ್ರಿ ಹಂದಿ ಹಿಂಡು ಮೆಕ್ಕೆಜೋಳಕ್ಕೆ ನುಗ್ಗಿದಾಗ ಒಬ್ಬ ಡಬ್ಬ ಬಡಿಯುತ್ತಾನೆ, ಇನ್ನೊಬ್ಬ ಪಟಾಕಿ ಹಚ್ಚುತ್ತಾನೆ, ನಾಯಿ ಬೊಗಳುತ್ತದೆ. ಕೇಪು ಮಾತ್ರ ಸಿಡಿದು ಮದ್ದು ಹತ್ತದೇ ಇದ್ದರೆ ಆ ಸದ್ದಲ್ಲಿ ನಿಮಗೂ ಗೊತ್ತಾಗುವುದಿಲ್ಲ.

ತುಂಬುವುದು

ಬಂದೂಕಿನ ಹಿಡಿ ನೆಲಕ್ಕೆ, ನಳಿಗೆಯ ಬಾಯಿ ಮೇಲಕ್ಕೆ, ನಿಮ್ಮ ಮುಖದಿಂದ ಆಚೆಗೆ ವಾಲಿರಬೇಕು. ಬಾಯಿಯ ಮೇಲೆ ಬಗ್ಗಿ ಇಣುಕುವುದು ಯಾವ ಹಂತದಲ್ಲೂ ಬೇಡ. ಸುತ್ತ ಬೀಡಿ, ಕಂದೀಲು, ಒಲೆ ಇರಬಾರದು, ಬೆಳಕು ಬೇಕಿದ್ದರೆ ತಲೆಗೆ ಕಟ್ಟುವ ಟಾರ್ಚ್. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ ಪೋರ್ಚುಗೀಸ್ ಬಂದೂಕಿನವರು ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿದರು ಅಂತ ಓದಿರುತ್ತೀರಿ. ಅವೂ ಬಾಯಿಯಿಂದ ತುಂಬುವ ಬಂದೂಕುಗಳೇ, ಆದರೆ ಆ ಕಾಲದ ಬಂದೂಕಿಗೆ ಕಿಡಿ ಕೊಡಲು ಹೊತ್ತಿದ ಬತ್ತಿಯನ್ನು ಜೊತೆಗೇ ಇಟ್ಟುಕೊಳ್ಳಬೇಕಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಕೇಪು ಇದೆ, ಬೀಡಿ ಆರಿಸಿ ತುಂಬಲು ಏನು ಕಷ್ಟ?

ಮೊದಲು ಗಜ ಇಳಿಸಿ ಖಾಲಿ ಗುರುತು ನೋಡಿ. ಆಮೇಲೆ ಒಣ ಬಟ್ಟೆಯಿಂದ ಒಳಗಿನ ಎಣ್ಣೆ ಒರೆಸಿ, ಎಣ್ಣೆ ಉಳಿದರೆ ಮದ್ದು ನೆನೆದು ಹಾರುವುದಿಲ್ಲ. ಈಗ ಒಂದು ಕೇಪು ಹಾಕಿ, ನಳಿಗೆಯ ಬಾಯಿಯನ್ನು ನೆಲದ ಮೇಲಿನ ಒಂದು ತರಗೆಲೆಯ ಹತ್ತಿರ ಹಿಡಿದು ಹಾರಿಸಿ. ಎಲೆ ಅಲುಗಿದರೆ ನಿಪ್ಪಲ್‌ನಿಂದ ನಳಿಗೆಗೆ ದಾರಿ ಸಾಫ್ ಇದೆ. ಅಲುಗದಿದ್ದರೆ ತಂತಿಯಿಂದ ಚುಚ್ಚಿ ಸಾಫ್ ಮಾಡಿ ಮತ್ತೆ ನೋಡಿ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ, ಆಮೇಲೆ ಬಂದೂಕು ಹಾರಲಿಲ್ಲ ಅಂತ ಒದ್ದಾಡುವವರೂ ಅವರೇ. ಸಿಡಿದ ಕೇಪನ್ನು ತೆಗೆದುಹಾಕಿ, ಒಂದು ನಿಮಿಷ ಬಿಟ್ಟು ಮುಂದಿನ ಕೆಲಸ.

ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಡಬ್ಬಿಯಿಂದ ಅಳತೆ ಕೊಳವೆಗೆ, ಡಬ್ಬಿ ಮುಚ್ಚಿ ಹತ್ತು ಹೆಜ್ಜೆ ಆಚೆ ಇಟ್ಟು, ಆಮೇಲೆ ಅಳತೆ ಕೊಳವೆಯಿಂದ ನಳಿಗೆಗೆ. ಹಿಂದಿನ ಸಲ ಹಾರಿಸಿದಾಗಿನ ಒಂದು ಕಿಡಿ ಒಳಗೆ ಉಳಿದಿದ್ದರೆ ಅಳತೆ ಕೊಳವೆಯಲ್ಲಿರುವಷ್ಟು ಮದ್ದು ಹತ್ತಿ ಕೈ ಸುಟ್ಟೀತು, ಆದರೆ ಡಬ್ಬಿಯೇ ಕೈಯಲ್ಲಿದ್ದರೆ ಅದು ಬಾಂಬ್ ಆಗುತ್ತದೆ.

ಮದ್ದಿನ ಮೇಲೆ ರಟ್ಟಿನ ಅಥವಾ ನಾರಿನ ಬಿಲ್ಲೆ, ಗಜದಿಂದ ತಳದವರೆಗೆ ಒತ್ತಿ. ಅದರ ಮೇಲೆ ಚರೆ, ಚರೆಯ ಮೇಲೆ ತೆಳ್ಳಗಿನ ಇನ್ನೊಂದು ಬಿಲ್ಲೆ, ಇಲ್ಲದಿದ್ದರೆ ಬಂದೂಕು ಬಗ್ಗಿಸಿದಾಗ ಚರೆ ಉರುಳಿ ಮುಂದಕ್ಕೆ ಬರುತ್ತದೆ. ಗಜವನ್ನು ಬೆರಳುಗಳಲ್ಲಿ ಹಿಡಿದು ಗೇಣುಗೇಣಾಗಿ ತಳ್ಳಿ. ಅಂಗೈಯನ್ನು ಗಜದ ತುದಿಗೆ ಒತ್ತಿ ಮೈಭಾರ ಹಾಕಬೇಡಿ, ಮದ್ದು ಹತ್ತಿದರೆ ಗಜ ಅಂಗೈ ತೂರಿಕೊಂಡು ಹೋಗುತ್ತದೆ. ಕುಟ್ಟುವುದೂ ಬೇಡ, ಗಟ್ಟಿಯಾಗಿ ಕೂತರೆ ಸಾಕು.

ಈಗ ಗುರುತು ನೋಡಿ. ತುಂಬಿದ ಗುರುತಿಗೆ ಸರಿಯಾಗಿ ನಿಂತಿರಬೇಕು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ಹಾರಿಸಿದಾಗ ಒತ್ತಡ ಒಂದೇ ಕಡೆ ಏರಿ ನಳಿಗೆ ಆ ಜಾಗದಲ್ಲಿ ಉಂಗುರದಂತೆ ಉಬ್ಬುತ್ತದೆ, ಹಳೆಯ ನಳಿಗೆ ಆದರೆ ಒಡೆಯುತ್ತದೆ. ನಮ್ಮ ಕಡೆ ಇದು ಬೇಸಿಗೆಯಲ್ಲಿ ಜಾಸ್ತಿ. ಕರಿ ಮದ್ದಿನ ಮಸಿ ತಂಪು ಹವೆಯಲ್ಲಿ ಮೆತ್ತಗಿರುತ್ತದೆ, ಏಪ್ರಿಲ್-ಮೇ ತಿಂಗಳ ರಾಯಚೂರು ಬಿಸಿಲಿಗೆ ಒಣಗಿ ಹೆಂಚಿನಂತೆ ಗಟ್ಟಿಯಾಗುತ್ತದೆ, ಎರಡನೇ ಗುಂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಂದು ಸಲ ಹಾರಿಸಿದ ಮೇಲೆ ಒದ್ದೆ ಬಟ್ಟೆ, ಅದರ ಹಿಂದೆ ಒಣ ಬಟ್ಟೆ ಒಳಗೆ ಎಳೆದೇ ಮುಂದಿನದನ್ನು ತುಂಬಿ. ಒಳಗೆ ಉಳಿದ ಕಿಡಿಯೂ ಆರುತ್ತದೆ, ಮಸಿಯೂ ಹೋಗುತ್ತದೆ.

ಗಜವನ್ನು ಹೊರಗೆ ತೆಗೆದು ಅದರ ಜಾಗದಲ್ಲಿ ಸಿಕ್ಕಿಸಿ. ನಳಿಗೆಯಲ್ಲೇ ಮರೆತು ಹಾರಿಸಿದರೆ ಅದು ಈಟಿಯಾಗಿ ಹೋಗುತ್ತದೆ, ಜೊತೆಗೆ ನಳಿಗೆಯನ್ನೂ ಒಡೆಯಬಹುದು. ಗಜ ಅದರ ಜಾಗದಲ್ಲಿ ಕಣ್ಣಿಗೆ ಕಾಣದೆ ಕೇಪು ಹಾಕಬಾರದು ಅಂತ ರೂಢಿ ಮಾಡಿಕೊಳ್ಳಿ.

ಕೇಪು ಕಟ್ಟಕಡೆಗೆ. ಮನೆಯಲ್ಲಲ್ಲ, ಬೈಕ್ ಮೇಲಲ್ಲ, ಹೊಲದಲ್ಲಿ ನಿಲ್ಲುವ ಜಾಗಕ್ಕೆ ಹೋಗಿ, ಹಾರಿಸುವುದು ಖಚಿತ ಆದಾಗ. ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಅರ್ಧ ಎತ್ತಿ ನಿಲ್ಲಿಸಿ ಕೇಪು ಹಾಕುತ್ತೇವೆ, ಆ ಅರ್ಧ ಹಲ್ಲನ್ನು ನಂಬಿ ನಡೆದಾಡಬೇಡಿ. ಹಳೆಯ ಬಂದೂಕುಗಳಲ್ಲಿ ಅದು ಸವೆದಿರುತ್ತದೆ. ಖಾಲಿ ಬಂದೂಕಿನಲ್ಲಿ ಕುದುರೆ ಅರ್ಧ ಎತ್ತಿ ಟ್ರಿಗರ್ ಒತ್ತಿ ನೋಡಿ, ಬಿದ್ದುಬಿಟ್ಟರೆ ಆ ಬಂದೂಕು ರಿಪೇರಿಗೆ ಹೋಗಬೇಕು. ನಿಪ್ಪಲ್ ತೂತು ಹಿಗ್ಗಿದ್ದರೂ ಹಾಗೇ, ಬೆಂಕಿ ಹಿಂದಕ್ಕೆ ಕಣ್ಣಿಗೆ ಬರುತ್ತದೆ.

ತುಂಬುವ ನಡುವೆ ಯಾರಾದರೂ ಮಾತಾಡಿಸಿದರೆ, ಫೋನ್ ಬಂದರೆ, "ಮದ್ದು ಹಾಕಿದ್ನಾ ಇಲ್ವಾ" ಅನ್ನುವ ಅನುಮಾನ ಒಂದು ಕ್ಷಣ ಬಂದರೂ ಸರಿ, ಮತ್ತೆ ಗಜದಿಂದ ಶುರು. ಒಬ್ಬ ಮದ್ದು ಹಾಕುವುದು, ಇನ್ನೊಬ್ಬ ಗುಂಡು ಹಾಕುವುದು ಅಂತ ಕೆಲಸ ಹಂಚಿಕೊಳ್ಳಬೇಡಿ. ಒಬ್ಬರ ಬಂದೂಕು, ಒಬ್ಬರ ಕೈ.

ಜೋಡಿ ನಳಿಗೆ ಇದ್ದವರಿಗೆ: ಒಂದನ್ನು ಹಾರಿಸಿ ಅದನ್ನು ಮತ್ತೆ ತುಂಬುವ ಮೊದಲು ಇನ್ನೊಂದರ ಕೇಪು ತೆಗೆಯಿರಿ. ಇಲ್ಲದಿದ್ದರೆ ನಿಮ್ಮ ಕೈ ತುಂಬಿದ ನಳಿಗೆಯ ಬಾಯಿಗೆ ಅಡ್ಡ ಇರುತ್ತದೆ. ಮೊದಲನೆಯದರ ಒದೆತಕ್ಕೆ ಎರಡನೆಯದರ ಗುಂಡು ಮುಂದಕ್ಕೆ ಜರುಗಿರಬಹುದು, ಅದಕ್ಕೂ ಗಜ ಇಳಿಸಿ ನೋಡಿ.

ಹಾರಲಿಲ್ಲ, ಈಗ?

ಬಹಳ ಜನ ತಪ್ಪು ಮಾಡುವುದು ಇಲ್ಲಿ. ಟ್ರಿಗರ್ ಒತ್ತಿದಿರಿ, ಕೇಪು ಸಿಡಿಯಿತು, ಸದ್ದಿಲ್ಲ. ಕೂಡಲೇ ಬಂದೂಕು ಇಳಿಸಿ ನೋಡಬೇಕು ಅನ್ನಿಸುತ್ತದೆ. ಬೇಡ. ಮದ್ದು ಒದ್ದೆಯಾಗಿದ್ದರೆ ಒಳಗೆ ನಿಧಾನವಾಗಿ ಕೆಂಡದಂತೆ ಹೊಗೆಯಾಡುತ್ತಾ ಕೆಲವು ಸೆಕೆಂಡ್ ಬಿಟ್ಟು ಹಾರಬಹುದು. ಬಂದೂಕು ಗುರಿಯ ಕಡೆಗೇ ಇರಲಿ, ಮುಖ ತುಸು ಆಚೆ, ಕನಿಷ್ಠ ಒಂದು ನಿಮಿಷ ಅಲುಗಾಡದೆ ನಿಲ್ಲಿ. ನನ್ನ ಕೇಳಿದರೆ ಎರಡು ನಿಮಿಷ. ಆಗ ಪಕ್ಕದವರು "ಏನಾಯ್ತೋ" ಅಂತ ಮುಂದೆ ಬರುತ್ತಾರೆ, ಅವರನ್ನು ಬಾಯಲ್ಲೇ ತಡೆಯಿರಿ. ಬಲಗಡೆಗಂತೂ ಯಾರೂ ನಿಲ್ಲಬಾರದು, ಸಿಡಿದ ಕೇಪಿನ ಚೂರು ನಿಪ್ಪಲ್ ಇರುವ ಕಡೆಗೇ ಹಾರುತ್ತದೆ.

ಆಮೇಲೆ ಹಳೆ ಕೇಪು ತೆಗೆದು, ನಿಪ್ಪಲ್ ಚುಚ್ಚಿ, ಹೊಸ ಕೇಪು ಹಾಕಿ ಅದೇ ದಿಕ್ಕಿಗೆ ಮತ್ತೆ ಪ್ರಯತ್ನಿಸಿ. ಹಾರದಿದ್ದರೆ ಮತ್ತೆ ಅಷ್ಟೇ ಹೊತ್ತು ಕಾಯಿರಿ. ಹೀಗೆ ಎರಡು ಮೂರು ಕೇಪಿಗೂ ಆಗದಿದ್ದರೆ ಹಾರಿಸುವ ಆಸೆ ಬಿಡಿ.

ಮದ್ದು ಹಾಕದೆ ಬರೀ ಗುಂಡು ತುಂಬಿದ್ದರೂ ಹೀಗೇ ಆಗುತ್ತದೆ. ಆದರೆ "ಮದ್ದು ಹಾಕಿಲ್ಲ, ನನಗೆ ಗೊತ್ತು" ಅನ್ನುವ ನೆನಪಿನ ಮೇಲೆ ಕೆಲಸ ಮಾಡಬೇಡಿ. ಮದ್ದು ಇದೆ ಅಂತಲೇ ತಿಳಿದುಕೊಳ್ಳಿ. ತೆಗೆಯುವ ದಾರಿ ಹೀಗೆ: ಕೇಪು ತೆಗೆಯಿರಿ, ನಳಿಗೆಯ ಬಾಯಿಯಿಂದ ನೀರು ಹಾಕಿ, ಒಳಗಿಳಿಯಲು ತಾಸುಗಟ್ಟಲೆ ಬಿಡಿ, ನಿಪ್ಪಲ್ ಕಡೆಯಿಂದಲೂ ನೀರು ಬಿಡಿ. ಮದ್ದು ನೆನೆದ ಮೇಲೆ ಗಜದ ತುದಿಗೆ ಹಾಕುವ ತಿರುಪಿನಿಂದ ಬಿಲ್ಲೆ, ಗುಂಡು ಎಳೆಯಬಹುದು, ಆಗಲೂ ಮೈ ಬಾಯಿಯ ಎದುರಿಗೆ ಬೇಡ. ತಿರುಪು ಇಲ್ಲ, ಅಭ್ಯಾಸ ಇಲ್ಲ ಅಂದರೆ ಲೈಸನ್ಸ್ ಇರುವ ರಿಪೇರಿಯವರಿಗೆ ಫೋನ್ ಮಾಡಿ "ತುಂಬಿದೆ" ಅಂತ ಮೊದಲೇ ಹೇಳಿ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡದ್ದಕ್ಕೂ ಇದೇ ಮದ್ದು, ಅಂದರೆ ನೀರು. ಹಾರಿಸಿ ತೆಗೆಯುತ್ತೇನೆ ಅನ್ನುವುದು ಬೇಡ.

ನೆನೆದ ಮದ್ದನ್ನು ಮಾಳಿಗೆ ಮೇಲೆ ಒಣಗಿಸಬೇಡಿ, ದೀಪಾವಳಿ ಪಟಾಕಿ ಒಣಗಿಸಿದ ಹಾಗೆ. ಬಕೆಟ್ ನೀರಲ್ಲಿ ಕದಡಿ ಚೆಲ್ಲಿ.

ಹೊಲದಲ್ಲಿ

ಮಂಚಿಕೆ (ಹೊಲ ಕಾಯುವ ಅಟ್ಟಣೆ) ಹತ್ತುವಾಗ ಬಂದೂಕು ಹೆಗಲಲ್ಲಿ ಬೇಡ. ಕೇಪು ತೆಗೆದು, ಹಗ್ಗ ಕಟ್ಟಿ, ಹಿಡಿ ಮೇಲೆ ಬಾಯಿ ಕೆಳಗೆ ಮಾಡಿ, ನೀವು ಹತ್ತಿದ ಮೇಲೆ ಎಳೆದುಕೊಳ್ಳಿ. ಕೆಳಗೆ ಯಾರೂ ನಿಂತಿರಬಾರದು. ಬಾಯಿಗೆ ಮಣ್ಣು ಮೆತ್ತಿದ್ದರೆ ಒರೆಸದೆ ಹಾರಿಸಬೇಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬಿಲ್ಲೆ ಉರಿಯುತ್ತಲೇ ಹಾರಿ ಬೀಳುತ್ತದೆ. ಶೇಂಗಾ ಹೊಟ್ಟು, ಜೋಳದ ಸೊಪ್ಪೆ, ಬಣವಿ ಇರುವ ಕಡೆ ಅದು ಬಿದ್ದರೆ ಹಂದಿ ತಿನ್ನುವುದಕ್ಕಿಂತ ಜಾಸ್ತಿ ನೀವೇ ಸುಟ್ಟಿರುತ್ತೀರಿ. ಬಟ್ಟೆ ಚೂರು, ಕಾಗದ ತುರುಕಿದರೆ ಇನ್ನೂ ಬೇಗ ಹತ್ತುತ್ತದೆ. ಬರೀ ಸದ್ದಿಗೆ ಅಂತ ಗುಂಡಿಲ್ಲದೆ ಹಾರಿಸಿದರೂ ಹತ್ತಿರ ಇದ್ದವರಿಗೆ ಬಿಲ್ಲೆ ಗಾಯ ಮಾಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಕತ್ತಲಲ್ಲಿ ಸಪ್ಪಳದ ಕಡೆಗೆ, ಕಂಟಿ ಅಲುಗಿದ ಕಡೆಗೆ ಹಾರಿಸಬೇಡಿ. ಆ ಕಡೆ ಪಕ್ಕದ ಹೊಲದವರು ನೀರು ಕಟ್ಟಲು ಬಂದಿರಬಹುದು. ಕುಡಿದಿದ್ದರೆ ಬಂದೂಕು ಮುಟ್ಟುವ ಮಾತೇ ಬೇಡ.

ಮನೆಗೆ ಬಂದ ಮೇಲೆ

ತುಂಬಿದ ಬಂದೂಕು ಮನೆಗೆ ಬರಬಾರದು. ಹಾರಿಸದೆ ಉಳಿದಿದ್ದರೆ ಹಿಂದೆ ಎತ್ತರದ ಮಣ್ಣಿನ ಒಡ್ಡು ಇರುವ, ಲೈಸನ್ಸ್ ಒಪ್ಪುವ ಜಾಗದಲ್ಲಿ ಹಾರಿಸಿ ಖಾಲಿ ಮಾಡಿ, ಇಲ್ಲವೇ ನೀರು ಹಾಕಿ ತೆಗೆಯಿರಿ. ಅದೇ ದಿನ ತೊಳೆಯಿರಿ. ಮಸಿ ಗಾಳಿಯ ತೇವ ಎಳೆದುಕೊಂಡು ಒಂದೆರಡು ದಿನದಲ್ಲೇ ತುಕ್ಕು ಹಿಡಿಸುತ್ತದೆ. ನಿಪ್ಪಲ್ ಬಿಚ್ಚಿ, ಬಿಸಿ ನೀರು, ಸ್ವಲ್ಪ ಸಾಬೂನು, ಬಟ್ಟೆ ಬಿಳಿಯಾಗಿ ಬರುವವರೆಗೆ. ಒಣಗಿಸಿ ತೆಳ್ಳಗೆ ಎಣ್ಣೆ. ತೊಳೆಯಲು ಕೂರುವ ಮೊದಲೂ ಗಜ ಇಳಿಸಿ ನೋಡಿ.

ಬಂದೂಕು ಒಂದು ಕಡೆ ಬೀಗದಲ್ಲಿ, ಮದ್ದು ಇನ್ನೊಂದು ಕಡೆ, ಕೇಪು ಮತ್ತೊಂದು ಕಡೆ. ಮದ್ದು ಅಡುಗೆಮನೆ, ದೇವರಮನೆ ಹತ್ತಿರ ಬೇಡ. ಆಯುಧ ಪೂಜೆಯ ದಿನ ಬಂದೂಕು ಹೊರಗೆ ಬರುತ್ತದೆ, ಕುಂಕುಮ ಹಚ್ಚುತ್ತಾರೆ, ಊದಿನಕಡ್ಡಿ, ಕರ್ಪೂರ, ಮಕ್ಕಳು ಸುತ್ತ ಕೂತಿರುತ್ತಾರೆ. ಮದ್ದಿನ ಡಬ್ಬಿಯನ್ನೂ ಪೂಜೆಗೆ ಇಡುವ ಮನೆಗಳಿವೆ. ಡಬ್ಬಿ ಬೀಗದೊಳಗೇ ಇರಲಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬಂದೂಕಿಗೆ ಗಜ ಇಳಿಸಿ ನೋಡಿಯೇ ಪೂಜೆಗಿಡಿ. ಚುನಾವಣೆಗೆ ಠಾಣೆಗೆ ಒಪ್ಪಿಸುವಾಗಲೂ ವಾಪಸ್ ತರುವಾಗಲೂ ಹಾಗೇ.

ಅಜ್ಜ ತೀರಿಕೊಂಡ ಮೇಲೆ ಅಟ್ಟದಲ್ಲೋ ಕಣಜದ ಹಿಂದೆಯೋ ಹಳೆಯ ಬಂದೂಕು ಸಿಗುವುದುಂಟು. ಅದು ತುಂಬಿದೆ ಅಂತಲೇ ತಿಳಿಯಿರಿ. ಒಣಗಿರುವ ಕರಿ ಮದ್ದು ಹತ್ತಾರು ವರ್ಷ ಆದರೂ ಕೆಡುವುದಿಲ್ಲ. ಕುದುರೆ ಎತ್ತಿ ಆಡಿಸಬೇಡಿ, ತುಕ್ಕು ಬಿಡಿಸಲು ಕಾಯಿಸಬೇಡಿ, ಕಮ್ಮಾರನ ಕುಲುಮೆಗೋ ವೆಲ್ಡಿಂಗ್ ಅಂಗಡಿಗೋ ಒಯ್ಯಬೇಡಿ, ಬೆಂಕಿ ತಾಗಿದರೆ ಕೇಪಿಲ್ಲದೆಯೂ ಹಾರುತ್ತದೆ. ಬಾಯಿ ಜನರಿಲ್ಲದ ಗೋಡೆಯ ಕಡೆಗೆ ಮಾಡಿ ಇಟ್ಟು, ಮಕ್ಕಳನ್ನು ಆಚೆ ಕಳಿಸಿ, ಕೋಣೆಗೆ ಬೀಗ ಹಾಕಿ ಪೊಲೀಸ್ ಠಾಣೆಗೆ ತಿಳಿಸಿ. ಅಜ್ಜನ ಲೈಸನ್ಸ್ ಪುಸ್ತಕ ಇದ್ದರೆ ಅದನ್ನೂ ಹುಡುಕಿ ಇಟ್ಟುಕೊಳ್ಳಿ, ಠಾಣೆಯಲ್ಲಿ ಮೊದಲು ಕೇಳುವುದು ಅದನ್ನೇ.